ಚಳಿಗೂ ತೋಟದಲ್ಲಿ ಕೆಲಸವಿದೆ

ಹಿಮ ಬೀಳುವ ಸೀಮೆಗಳಲ್ಲಿ ತೋಟ ಮಾಡುವವರನ್ನು ಉಳಿದವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ನೆಲವೆಲ್ಲ ಕಲ್ಲಾಗಿ, ಮರಗಳೆಲ್ಲ ಬೋಳಾಗಿ ನಿಂತಿರುವ ಆ ನಾಲ್ಕೈದು ತಿಂಗಳು ನೀವು ಏನು ಮಾಡುತ್ತೀರಿ? ಚಳಿಗಾಲವೆಂದರೆ ತೋಟಕ್ಕೆ ಬೀಗ ಹಾಕಿದ ಕಾಲ ಎಂಬ ನಂಬಿಕೆಯಿಂದ ಹುಟ್ಟುವ ಪ್ರಶ್ನೆ ಇದು. ನನ್ನ ಅನುಭವ ಬೇರೆಯೇ ಇದೆ. ಸೇಬಿನ ಮೊಗ್ಗು ಸರಿಯಾಗಿ ಅರಳಬೇಕಾದರೆ, ಟ್ಯುಲಿಪ್ ಗೆಡ್ಡೆ ಹೂ ಬಿಡಬೇಕಾದರೆ, ಬೆಳ್ಳುಳ್ಳಿಯ ಒಂದು ಎಸಳು ಹಲವು ಎಸಳುಗಳ ಗೆಡ್ಡೆಯಾಗಬೇಕಾದರೆ, ಎಷ್ಟೋ ಕಾಡುಹೂಗಳ ಬೀಜ ಮೊಳೆಯಬೇಕಾದರೆ ಚಳಿಯೇ ಬೇಕು. ನಮ್ಮ ಕೈಯಿಂದ ಆಗದ ಕೆಲಸವನ್ನು ಆ ತಿಂಗಳುಗಳಲ್ಲಿ ಚಳಿ ಮಾಡುತ್ತಿರುತ್ತದೆ. ಅದು ಏನು ಮಾಡುತ್ತಿದೆ ಎಂಬುದನ್ನು ತಿಳಿದು, ಅದಕ್ಕೆ ಹೊಂದಿಸಿಕೊಂಡು ತಮ್ಮ ಕೆಲಸ ಇಟ್ಟುಕೊಳ್ಳುವವರಿಗೆ ಚಳಿಗಾಲ ಸಾಲುವುದೇ ಇಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ನನ್ನ ಚಳಿಗಾಲ ಶುರುವಾಗುವುದು ಬೀಜದ ಡಬ್ಬಿಯಿಂದ. ಹೊಸ ಬೀಜಗಳ ಪಟ್ಟಿಯನ್ನು ತೆರೆದು ಕೂರುವ ಮೊದಲು, ಇರುವ ಬೀಜದಲ್ಲಿ ಯಾವುದಕ್ಕೆ ಇನ್ನೂ ಜೀವವಿದೆ ಎಂದು ನೋಡಬೇಕು. ಎಲ್ಲ ಬೀಜಗಳ ಆಯುಷ್ಯ ಒಂದೇ ಅಲ್ಲ. ಈರುಳ್ಳಿ ಮತ್ತು ಲೀಕ್ ಬೀಜಗಳು ಒಂದೆರಡು ವರ್ಷಗಳಲ್ಲೇ ಸೋಲುತ್ತವೆ. ಬಟಾಣಿ ಮತ್ತು ಹುರುಳಿಕಾಯಿ ಬೀಜಗಳು ಸುಮಾರು ಮೂರು ವರ್ಷ ನಿಲ್ಲುತ್ತವೆ. ಟೊಮೇಟೊ ನಾಲ್ಕು ವರ್ಷದ ಆಚೆಗೂ ಮೊಳೆಯುತ್ತದೆ. ಸೌತೆ, ಕುಂಬಳದ ಜಾತಿಯವು ಐದು ವರ್ಷ ಇಟ್ಟರೂ ಮೋಸ ಮಾಡುವುದು ಕಡಿಮೆ. ಆದರೆ ಇವೆಲ್ಲ ಸರಾಸರಿ ಲೆಕ್ಕಗಳು. ಬಿಸಿಲು ಬೀಳುವ ಗೂಡಿನಲ್ಲಿ ಬೇಸಿಗೆಯೆಲ್ಲ ಕಳೆದ ಟೊಮೇಟೊ ಬೀಜಕ್ಕಿಂತ ತಂಪಾದ ಜಾಗದಲ್ಲಿ ಒಣಗಿ ಕೂತ ಈರುಳ್ಳಿ ಬೀಜವೇ ಗಟ್ಟಿಯಾಗಿರಬಹುದು. ಹಾಗಾಗಿ ಪೊಟ್ಟಣದ ಮೇಲಿನ ವರ್ಷವನ್ನು ನೋಡಿ ಬೀಜವನ್ನು ಎಸೆಯುವುದೂ ಸರಿಯಲ್ಲ, ನಂಬುವುದೂ ಸರಿಯಲ್ಲ. ಮೊಳಕೆ ಪರೀಕ್ಷೆಯೊಂದೇ ದಾರಿ.

ಪರೀಕ್ಷೆ ಬಹಳ ಸರಳ. ಒಂದು ದಪ್ಪನೆಯ ಒರೆಸುವ ಕಾಗದವನ್ನು ನೀರಿನಲ್ಲಿ ಅದ್ದಿ, ಹಿಂಡಿ, ಕೈಯಲ್ಲಿ ಒತ್ತಿದರೆ ಹನಿ ಬೀಳದಷ್ಟು ತೇವ ಉಳಿಸಿಕೊಳ್ಳಬೇಕು. ಅದರ ಅರ್ಧದ ಮೇಲೆ ಹತ್ತು ಬೀಜಗಳನ್ನು ಒಂದಕ್ಕೊಂದು ತಾಗದಂತೆ ಜೋಡಿಸಿ, ಉಳಿದರ್ಧವನ್ನು ಮೇಲೆ ಮಡಿಸಿ, ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಬೀಜದ ಹೆಸರನ್ನೂ ತಾರೀಖನ್ನೂ ಪೆನ್ಸಿಲ್ಲಿನಲ್ಲಿ ಬರೆದ ಚೀಟಿಯನ್ನು ಜೊತೆಗಿಡಬೇಕು. ಶಾಯಿಯಾದರೆ ತೇವಕ್ಕೆ ಹರಡಿಹೋಗುತ್ತದೆ. 20ರಿಂದ 25 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರುವ ಜಾಗದಲ್ಲಿಟ್ಟು ದಿನಕ್ಕೊಮ್ಮೆ ಬಿಡಿಸಿ ನೋಡುತ್ತಿದ್ದರೆ, ಮೊದಲು ಬೀಜ ಉಬ್ಬುತ್ತದೆ, ಸಿಪ್ಪೆ ಒಂದು ತುದಿಯಲ್ಲಿ ಸಣ್ಣಗೆ ಬಿರಿಯುತ್ತದೆ, ಆಮೇಲೆ ಅಲ್ಲಿಂದ ಬಿಳಿಯ ಬೇರಿನ ಮೊನೆ ಹೊರಬಂದು ಕಾಗದದ ಎಳೆಗಳ ನಡುವೆ ದಾರಿ ಹುಡುಕುತ್ತದೆ. ಹತ್ತರಲ್ಲಿ ಎಂಟು ಮೊಳೆತರೆ ನಿಶ್ಚಿಂತೆಯಾಗಿ ಬಿತ್ತಬಹುದು. ಐದು ಮೊಳೆತರೆ ಎರಡರಷ್ಟು ಬೀಜ ಹಾಕಬೇಕು. ಎರಡೋ ಮೂರೋ ಮಾತ್ರ ಬಂದರೆ ಆ ಬೀಜ ಗೊಬ್ಬರದ ಗುಂಡಿಗೆ. ಎಷ್ಟು ಮೊಳೆತವು ಎನ್ನುವುದರಷ್ಟೇ ಮುಖ್ಯವಾದದ್ದು ಹೇಗೆ ಮೊಳೆತವು ಎನ್ನುವುದು. ಎಲ್ಲವೂ ಎರಡು ಮೂರು ದಿನಗಳ ಅಂತರದಲ್ಲಿ ಒಟ್ಟಿಗೆ ಬಂದರೆ ಬೀಜದಲ್ಲಿ ಕಸುವಿದೆ ಎಂದರ್ಥ. ಒಂದು ಇಂದು, ಇನ್ನೊಂದು ವಾರ ಬಿಟ್ಟು ಬರುವ ಬೀಜ, ಲೆಕ್ಕದಲ್ಲಿ ಪಾಸಾದರೂ ತಣ್ಣನೆಯ ಮಣ್ಣಿನಲ್ಲಿ ಸೋಲುವ ಸಾಧ್ಯತೆ ಹೆಚ್ಚು. ಇಂಥ ಬೀಜವನ್ನು ನಾನು ನೇರವಾಗಿ ನೆಲಕ್ಕೆ ಹಾಕದೆ ಒಳಗಿನ ತಟ್ಟೆಗಳಿಗೆ ಮೀಸಲಿಡುತ್ತೇನೆ.

ಉಳಿಸಿಕೊಂಡ ಬೀಜವನ್ನು ಕಾಪಾಡುವುದಕ್ಕೆ ಬೀಜವಿಜ್ಞಾನಿ ಜೇಮ್ಸ್ ಹ್ಯಾರಿಂಗ್ಟನ್ ಕೊಟ್ಟ ಸೂತ್ರವನ್ನು ಎಲ್ಲ ತೋಟಗಾರರೂ ಬಾಯಿಪಾಠ ಮಾಡಿಕೊಳ್ಳಬೇಕು. ಬೀಜದ ತೇವಾಂಶ ಶೇಕಡಾ 1ರಷ್ಟು ಇಳಿದರೆ ಅದರ ಆಯುಷ್ಯ ಸುಮಾರು ಎರಡು ಪಟ್ಟಾಗುತ್ತದೆ; ಇಟ್ಟ ಜಾಗದ ಉಷ್ಣಾಂಶ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಅಷ್ಟೇ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ 2008ರಲ್ಲಿ ತೆರೆದ ಜಾಗತಿಕ ಬೀಜ ಭಂಡಾರ ನಡೆಯುವುದೂ ಇದೇ ತತ್ವದ ಮೇಲೆ. ಅಲ್ಲಿ ಚೆನ್ನಾಗಿ ಒಣಗಿಸಿದ ಬೀಜಗಳನ್ನು ಗಾಳಿಯಾಡದ ಪೊಟ್ಟಣಗಳಲ್ಲಿ ಮೈನಸ್ 18 ಡಿಗ್ರಿಯಲ್ಲಿ ಇಡುತ್ತಾರೆ. ಮನೆಯ ಮಟ್ಟಿಗೆ ಬಿಗಿ ಮುಚ್ಚಳದ ಗಾಜಿನ ಭರಣಿ, ಅದರೊಳಗೆ ಸಿಲಿಕಾ ಜೆಲ್‌ನ ಒಂದು ಸಣ್ಣ ಚೀಲ, ಇಡಲು ಫ್ರಿಜ್ಜಿನ ಒಂದು ಮೂಲೆ ಇದ್ದರೆ ಸಾಕು. ಒಂದು ಎಚ್ಚರಿಕೆ ಮಾತ್ರ ಬೇಕು: ಫ್ರಿಜ್ಜಿನಿಂದ ತೆಗೆದ ಭರಣಿಯನ್ನು ಕೂಡಲೇ ತೆರೆದರೆ ಕೋಣೆಯ ಗಾಳಿಯ ತೇವವೆಲ್ಲ ತಣ್ಣನೆಯ ಬೀಜದ ಮೇಲೆ ಹನಿಗಟ್ಟುತ್ತದೆ. ಭರಣಿ ಕೋಣೆಯ ಬಿಸಿಗೆ ಬರುವವರೆಗೆ ಕಾದು ತೆರೆಯಬೇಕು.

ಒಣ ಚಳಿ ಬೀಜವನ್ನು ಕಾಪಾಡಿದರೆ, ತೇವದ ಚಳಿ ಬೀಜವನ್ನು ಎಬ್ಬಿಸುತ್ತದೆ. ಈ ವ್ಯತ್ಯಾಸವನ್ನು ಅರಿಯದೆ, ಚಳಿ ಬೇಕಾದ ಬೀಜಗಳ ಪೊಟ್ಟಣವನ್ನು ಹಾಗೆಯೇ ಫ್ರಿಜ್ಜಿನಲ್ಲಿಟ್ಟು, ಆಮೇಲೆ ಮೊಳೆಯಲಿಲ್ಲವೆಂದು ಬೇಸರಪಡುವವರನ್ನು ಬಹಳ ಕಂಡಿದ್ದೇನೆ. ಸೇಬಿನ ಬೀಜ ನೀರು ಹೀರಿಕೊಂಡು ಉಬ್ಬಿದ ಸ್ಥಿತಿಯಲ್ಲಿ, ಮಂಜುಗಟ್ಟುವ ಮಟ್ಟಕ್ಕಿಂತ ತುಸು ಮೇಲಿನ ಚಳಿಯಲ್ಲಿ ಎರಡರಿಂದ ಮೂರು ತಿಂಗಳು ಕಳೆದರಷ್ಟೇ ಮೊಳೆಯುತ್ತದೆ. ಬೀಜವನ್ನು ಮಲಗಿಸಿಟ್ಟಿರುವ ಅಬ್ಸಿಸಿಕ್ ಆಮ್ಲದ ಹಿಡಿತ ಆ ಅವಧಿಯಲ್ಲಿ ಸಡಿಲವಾಗಿ, ಮೊಳಕೆಗೆ ಪ್ರೇರಣೆ ಕೊಡುವ ಜಿಬ್ಬರೆಲಿನ್‌ಗಳ ಕೈ ಮೇಲಾಗುತ್ತದೆ. ಶರತ್ಕಾಲದಲ್ಲಿ ಉದುರಿದ ಬೀಜ ನಡುವೆ ನಾಲ್ಕು ದಿನ ಬಿಸಿಲು ಕಾದಿತೆಂದು ಎದ್ದು, ಮರುವಾರದ ಹಿಮಕ್ಕೆ ಸಿಕ್ಕಿ ಸಾಯದಿರಲಿ ಎಂದು ಗಿಡ ಮಾಡಿಕೊಂಡ ಏರ್ಪಾಡು ಇದು. ಬೀಜವನ್ನು ತೇವದ ಮರಳಿನಲ್ಲಿ ಬೆರೆಸಿ ಫ್ರಿಜ್ಜಿನಲ್ಲಿಡುವುದು ಒಂದು ವಿಧಾನ. ನನಗೆ ಹೆಚ್ಚು ಇಷ್ಟವಾದದ್ದು ಇನ್ನೊಂದು: ತಳದಲ್ಲಿಯೂ ಮೇಲೆಯೂ ತೂತು ಕೊರೆದ ಪಾರದರ್ಶಕ ಡಬ್ಬಿಯಲ್ಲಿ ಮಣ್ಣು ತುಂಬಿ, ಬೀಜ ಬಿತ್ತಿ, ಮುಚ್ಚಳ ಹಾಕಿ ನಡುಚಳಿಯಲ್ಲಿ ಹೊರಗೆ ಇಟ್ಟುಬಿಡುವುದು. ಹಿಮ ಅದರ ಮೇಲೆ ಬೀಳುತ್ತದೆ, ಕರಗುತ್ತದೆ, ಮತ್ತೆ ಗಟ್ಟಿಯಾಗುತ್ತದೆ. ಯಾವ ಬೀಜ ಯಾವಾಗ ಏಳಬೇಕೆಂಬುದನ್ನು ಆ ಬೀಜವೇ ನಿರ್ಧರಿಸುತ್ತದೆ, ಮತ್ತು ಹಾಗೆ ಹೊರಗಿನ ಗಾಳಿಯಲ್ಲೇ ಹುಟ್ಟಿದ ಸಸಿಯನ್ನು ಮುಂದೆ ನೆಲಕ್ಕೆ ಒಗ್ಗಿಸುವ ಶ್ರಮವೂ ಬಹಳಷ್ಟು ತಪ್ಪುತ್ತದೆ.

ಗೆಡ್ಡೆಯ ಹೂಗಳದ್ದೂ ಇದೇ ಕಥೆ. ಟ್ಯುಲಿಪ್ ಗೆಡ್ಡೆಗೆ ಸುಮಾರು 12ರಿಂದ 16 ವಾರಗಳ ಚಳಿ ಸಿಗದಿದ್ದರೆ ಹೂವಿನ ಕಾಂಡ ಮೇಲೆ ಏಳದೆ ಎಲೆಗಳ ನಡುವೆಯೇ ಕುಳಿತುಬಿಡುತ್ತದೆ. ಹಯಸಿಂತ್ ಗೆಡ್ಡೆಗಳನ್ನು ಕತ್ತಲ ತಂಪಿನಲ್ಲಿ ಮೂರು ತಿಂಗಳಷ್ಟು ಇಟ್ಟು ಆಮೇಲೆ ಕಿಟಕಿಯ ಬಳಿಗೆ ತಂದರೆ, ಹೊರಗೆ ಇನ್ನೂ ಹಿಮ ಇರುವಾಗಲೇ ಒಳಗೆ ಹೂ ನೋಡಬಹುದು. ಫ್ರಿಜ್ಜಿನಲ್ಲಿ ಇಡುವವರು ಅದೇ ಗೂಡಿನಲ್ಲಿ ಸೇಬು ಇಡಬಾರದು, ಏಕೆಂದರೆ ಮಾಗುವ ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲ ಗೆಡ್ಡೆಯೊಳಗಿನ ಹೂಮೊಗ್ಗನ್ನು ಕೊಂದುಬಿಡುತ್ತದೆ.

ಇನ್ನು ಮರಗಳ ವಿಷಯ. ಎಲೆ ಉದುರಿದ ಮರ ತನ್ನ ಒಳಗನ್ನು ಮುಚ್ಚುಮರೆಯಿಲ್ಲದೆ ತೋರಿಸುತ್ತದೆ. ಯಾವ ಕೊಂಬೆ ಯಾವುದನ್ನು ಉಜ್ಜುತ್ತಿದೆ, ಎಲ್ಲಿ ತೊಗಟೆ ಬಿರಿದಿದೆ, ಎಲ್ಲಿ ಕವಲು ತೀರಾ ಕಿರಿದಾಗಿ ಮುಂದೊಂದು ದಿನ ಭಾರಕ್ಕೆ ಸೀಳಲಿದೆ ಎಂಬುದೆಲ್ಲ ಬೇಸಿಗೆಯಲ್ಲಿ ಕಾಣದ ಸಂಗತಿಗಳು. ಆದ್ದರಿಂದ ಸೇಬು, ಮರಸೇಬು, ದ್ರಾಕ್ಷಿಗಳ ಚಾಟನಿಗೆ, ಅಂದರೆ ಬೇಡದ ಕೊಂಬೆಗಳನ್ನು ಕತ್ತರಿಸುವುದಕ್ಕೆ, ಚಳಿಗಾಲವೇ ಸರಿಯಾದ ಸಮಯ. ಕತ್ತರಿ ಹಿಡಿಯುವ ಮೊದಲು ಮರದ ಸುತ್ತ ನಿಧಾನವಾಗಿ ನಡೆದು ನೋಡಬೇಕು. ಸೇಬಿನ ಹೂಮೊಗ್ಗು ದಪ್ಪಗೆ, ದುಂಡಗೆ, ಕೆಲವು ವೇಳೆ ನವಿರಾದ ರೋಮ ಹೊದ್ದು, ಗಿಡ್ಡ ಕವಲಿನ ತುದಿಯಲ್ಲಿ ಕೂತಿರುತ್ತದೆ. ಎಲೆಮೊಗ್ಗು ಸಣ್ಣಗೆ, ಚಪ್ಪಟೆಯಾಗಿ, ಕಡ್ಡಿಗೆ ಒತ್ತಿಕೊಂಡಿರುತ್ತದೆ. ಈ ಎರಡನ್ನೂ ಗುರುತಿಸಲು ಬಂದರೆ, ಯಾವುದನ್ನು ಕತ್ತರಿಸಿದರೆ ಮುಂದಿನ ಫಸಲು ಹೋಗುತ್ತದೆ ಎಂಬುದು ಹೇಳಿಕೊಡದೆಯೇ ತಿಳಿಯುತ್ತದೆ. ಆ ಮೊಗ್ಗುಗಳು ಸುಮ್ಮನೆ ಮಲಗಿರುವುದಿಲ್ಲ, ಚಳಿಯನ್ನು ಲೆಕ್ಕ ಹಾಕುತ್ತಿರುತ್ತವೆ. ಸೇಬಿನ ಹಲವು ತಳಿಗಳಿಗೆ 7 ಡಿಗ್ರಿಗಿಂತ ಕೆಳಗಿನ ತಂಪು 800ರಿಂದ 1,000 ಗಂಟೆಗಳಷ್ಟು ಬೇಕಾಗುತ್ತದೆ. ಆ ಲೆಕ್ಕ ತುಂಬುವವರೆಗೆ ಎಷ್ಟು ಬಿಸಿಲು ಬಂದರೂ ಮೊಗ್ಗು ಜಗ್ಗುವುದಿಲ್ಲ. ತುಂಬಿದ ಮೇಲೆ ಬರಿಯ ಬೆಚ್ಚಗಿನ ದಿನಗಳಿಗೆ ಕಾಯುತ್ತದೆ.

ದಪ್ಪ ಕೊಂಬೆಯನ್ನು ತೆಗೆಯುವಾಗ ಒಂದೇ ಏಟಿಗೆ ಬುಡದಿಂದ ಗರಗಸ ಹಾಕಬಾರದು. ಬುಡದಿಂದ ಒಂದು ಗೇಣು ಆಚೆಗೆ ಕೊಂಬೆಯ ಅಡಿಯಿಂದ ಸ್ವಲ್ಪ ಕೊಯ್ದು, ಆಮೇಲೆ ಅದರಿಂದ ತುಸು ಹೊರಗೆ ಮೇಲಿನಿಂದ ಪೂರ್ತಿ ಕೊಯ್ದರೆ, ಬೀಳುವ ಭಾರ ಕಾಂಡದ ತೊಗಟೆಯನ್ನು ಸಿಗಿಯುವುದಿಲ್ಲ. ಉಳಿದ ಮೋಟನ್ನು ಮೂರನೆಯ ಕೊಯ್ತದಲ್ಲಿ ತೆಗೆಯುವಾಗ, ಕೊಂಬೆ ಕಾಂಡಕ್ಕೆ ಸೇರುವಲ್ಲಿ ಸುಕ್ಕುಗಟ್ಟಿದಂತೆ ಉಬ್ಬಿರುವ ಕೊರಳುಪಟ್ಟಿಯನ್ನು ಮುಟ್ಟದೆ ಅದರ ಹೊರಗೇ ನಿಲ್ಲಬೇಕು. ಗಾಯವನ್ನು ಮುಚ್ಚುವ ಅಂಗಾಂಶ ಬೆಳೆಯುವುದು ಅಲ್ಲಿಂದಲೇ. ಕೊಯ್ದ ಜಾಗಕ್ಕೆ ಬಣ್ಣವನ್ನೋ ಡಾಂಬರನ್ನೋ ಬಳಿಯುವ ರೂಢಿ ಎಷ್ಟೋ ಕಡೆ ಇನ್ನೂ ಇದೆ. ಅಮೆರಿಕದ ಮರವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ ಪರೀಕ್ಷಿಸಿ, ಮರ ತನ್ನ ಗಾಯವನ್ನು ಒಳಗಿನಿಂದ ಗೋಡೆ ಕಟ್ಟಿ ಬೇರ್ಪಡಿಸುತ್ತದೆ, ಹೊರಗಿನ ಲೇಪ ಕೊಳೆಯನ್ನು ತಡೆಯುವುದಿಲ್ಲ ಎಂದು ತೋರಿಸಿಕೊಟ್ಟ ಮೇಲೂ ಆ ರೂಢಿ ಉಳಿದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಚೆರ್ರಿ ಮತ್ತು ಪ್ಲಮ್ ಮರಗಳನ್ನು ಮಾತ್ರ ಚಳಿಗಾಲದಲ್ಲಿ ಕತ್ತರಿಸಬಾರದು. ಬೆಳ್ಳಿ ಎಲೆ ರೋಗದ ಶಿಲೀಂಧ್ರ ತೇವದ ಆ ಕಾಲದಲ್ಲಿ ಹಸಿ ಗಾಯದ ಮೂಲಕ ಒಳಹೊಗುವುದರಿಂದ ಅವುಗಳ ಸರದಿ ಬೇಸಿಗೆಗೆ. ಲೈಲಾಕ್‌ನಂತೆ ವಸಂತದ ಆರಂಭದಲ್ಲೇ ಹೂ ಬಿಡುವ ಪೊದೆಗಳು ಮೊಗ್ಗನ್ನು ಹಿಂದಿನ ವರ್ಷವೇ ಕಟ್ಟಿಕೊಂಡಿರುತ್ತವೆ. ಅವುಗಳನ್ನೂ ಹೂ ಮುಗಿಯುವ ತನಕ ಮುಟ್ಟಬಾರದು.

ಮಣ್ಣಿನ ಮೇಲೆ ಚಳಿ ಮಾಡುವ ಕೆಲಸ ಇನ್ನೊಂದು ಬಗೆಯದು. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಜಿಗುಟು ಮಣ್ಣಿನ ಹೆಂಟೆಯೊಳಗೆ ಹೊಕ್ಕ ನೀರು ಹೀಗೆ ಹಿಗ್ಗಿ ಕರಗಿ, ಮತ್ತೆ ಹಿಗ್ಗಿ ಕರಗಿ, ಗುದ್ದಲಿಗೆ ಮಣಿಯದ ಹೆಂಟೆಯನ್ನು ವಸಂತದ ಹೊತ್ತಿಗೆ ಪುಡಿಪುಡಿ ಮಾಡಿಡುತ್ತದೆ. ಅದಕ್ಕಾಗಿಯೇ ಹಿಂದಿನವರು ಚಳಿಗೆ ಮೊದಲು ನೆಲವನ್ನು ಒರಟಾಗಿ ಅಗೆದು ಬಿಡುತ್ತಿದ್ದರು. ಆದರೂ ನನ್ನ ಒಲವು ಅಗೆಯದೆ ಮುಚ್ಚಿಡುವ ಕಡೆಗೇ. ಅಗೆದಾಗ ಆಳದಲ್ಲಿ ಮಲಗಿದ ಕಳೆಬೀಜಗಳೆಲ್ಲ ಬೆಳಕಿಗೆ ಬರುತ್ತವೆ, ಮತ್ತು ಅವುಗಳ ತಾಳ್ಮೆ ನಾವು ಎಣಿಸಿದ್ದಕ್ಕಿಂತ ಬಹಳ ದೊಡ್ಡದು. ವಿಲಿಯಂ ಬೀಲ್ ಎಂಬ ಸಸ್ಯವಿಜ್ಞಾನಿ 1879ರಲ್ಲಿ ಮಿಷಿಗನ್‌ನಲ್ಲಿ 20 ಬಾಟಲಿಗಳಲ್ಲಿ ಕಳೆಬೀಜಗಳನ್ನು ಮರಳಿನೊಂದಿಗೆ ತುಂಬಿ ಹೂತಿಟ್ಟರು. ಬೆಳಕು ತಾಗಬಾರದೆಂದು ಕತ್ತಲಲ್ಲೇ ಅಗೆದು ಒಂದೊಂದಾಗಿ ತೆಗೆಯುವ ಆ ಪ್ರಯೋಗ ಇಂದಿಗೂ ನಡೆದಿದೆ. 2021ರಲ್ಲಿ ತೆಗೆದ ಬಾಟಲಿಯಿಂದ, ಅಂದರೆ 140ಕ್ಕೂ ಹೆಚ್ಚು ವರ್ಷಗಳ ನಂತರವೂ, ವರ್ಬಾಸ್ಕಮ್ ಎಂಬ ಕಳೆಯ ಬೀಜಗಳು ಮೊಳೆತವು. ಹಾಗಾಗಿ ನೆಲವನ್ನು ಕೆದಕುವ ಬದಲು ಒಂದು ಪದರ ಕಾಂಪೋಸ್ಟ್, ಅದರ ಮೇಲೆ ತರಗೆಲೆಯ ಹೊದಿಕೆ ಹಾಕಿ ಬಿಡುವುದು ನನಗೆ ಒಪ್ಪಿಗೆಯಾದ ಪದ್ಧತಿ. ಹಿಮ ಬಿದ್ದರೆ ಅದೇ ಇನ್ನೊಂದು ಹೊದಿಕೆ. ಹೊಸ ಹಿಮದ ಬಹುಪಾಲು ಗಾಳಿಯೇ ಆದ್ದರಿಂದ ಕಂಬಳಿಯಂತೆ ನೆಲದ ಬಿಸಿಯನ್ನು ಹಿಡಿದಿಡುತ್ತದೆ. ಹಿಮವಿಲ್ಲದ ಬರಿಯ ಚಳಿಯಲ್ಲಿ ಮಾತ್ರ ಹೊಸದಾಗಿ ನೆಟ್ಟ ಗಿಡಗಳನ್ನು ಆಗಾಗ ನೋಡುತ್ತಿರಬೇಕು. ಮಣ್ಣಿನೊಳಗಿನ ಮಂಜು ಅವುಗಳ ಬುಡವನ್ನು ಮೇಲಕ್ಕೆ ತಳ್ಳಿ ಬೇರನ್ನು ಗಾಳಿಗೆ ಒಡ್ಡಿರುತ್ತದೆ. ಅಂಗೈಯಿಂದ ಮೆಲ್ಲಗೆ ಒತ್ತಿ ಕೂರಿಸಿ, ಮೇಲೆ ಎಲೆ ಹೊದಿಸಿದರೆ ಗಿಡ ಉಳಿಯುತ್ತದೆ.

ಸುಮ್ಮನೆ ಬಿಡಬೇಕಾದದ್ದನ್ನು ಬಿಡುವುದು ಈ ಕಾಲದ ಅತ್ಯಂತ ಕಷ್ಟದ ಕೆಲಸ. ಒಣಗಿದ ಹೂಕಾಂಡಗಳನ್ನು ಕಂಡರೆ ಕೈ ತುರಿಸುತ್ತದೆ, ನಿಜ. ಆದರೆ ಟೊಳ್ಳು ಕಾಂಡಗಳೊಳಗೆ ಒಂಟಿ ಜೇನುಗಳ ಮರಿಗಳಿರುತ್ತವೆ, ತರಗೆಲೆಗಳ ಅಡಿಯಲ್ಲಿ ಚಿಟ್ಟೆ ಪತಂಗಗಳ ಕೋಶಗಳಿರುತ್ತವೆ, ಸೂರ್ಯಕಾಂತಿಯ ಒಣ ತೆನೆಯಲ್ಲಿ ಹಕ್ಕಿಗಳಿಗೆ ಬೀಜವಿರುತ್ತದೆ. ತೋಟವನ್ನು ಗುಡಿಸಿ ಚೊಕ್ಕಟ ಮಾಡಿ ಎಲ್ಲವನ್ನೂ ಸುಟ್ಟುಹಾಕುವವರು, ಮುಂದಿನ ವರ್ಷ ಪರಾಗಸ್ಪರ್ಶಕ್ಕೆ ದುಂಬಿಗಳೇ ಇಲ್ಲವೆಂದು ಕೊರಗುವುದನ್ನು ನೋಡಿದಾಗ ಮನಸ್ಸು ತಡೆಯುವುದಿಲ್ಲ. ರೋಗ ಬಂದ ಟೊಮೇಟೊ ಬಳ್ಳಿ, ಕೊಳೆತ ಹಣ್ಣು, ಶಿಲೀಂಧ್ರ ಹತ್ತಿದ ಗುಲಾಬಿ ಎಲೆಗಳನ್ನು ತೆಗೆಯಲೇಬೇಕು. ಉಳಿದದ್ದನ್ನು ವಸಂತದ ಬಿಸಿ ನೆಲೆಯಾಗುವವರೆಗೆ ಹಾಗೆಯೇ ನಿಲ್ಲಲು ಬಿಡಿ ಎಂಬುದು ನನ್ನ ಕಳಕಳಿಯ ವಿನಂತಿ.

ಸಲಕರಣೆಗಳ ಆರೈಕೆ ಒಂದು ಸಂಜೆಯ ಕೆಲಸ. ಮಣ್ಣು ಕೆರೆದು, ತುಕ್ಕನ್ನು ಉಜ್ಜಿ ತೆಗೆದು, ಸಾಣೆ ಹಿಡಿದು, ಎಣ್ಣೆ ಒರೆಸಿಡಬೇಕು. ಚಾಟನಿ ಕತ್ತರಿಯ ಅಲಗನ್ನು ಇಳಿಜಾರಿರುವ ಒಂದೇ ಮಗ್ಗುಲಿನಲ್ಲಿ ಮಸೆಯಬೇಕು; ಚಪ್ಪಟೆ ಮಗ್ಗುಲನ್ನು ಮಸೆದರೆ ಎರಡು ಅಲಗುಗಳ ನಡುವೆ ಸಂದು ಬಿದ್ದು ಕಡ್ಡಿ ಕತ್ತರಿಸುವ ಬದಲು ಜಜ್ಜಿಹೋಗುತ್ತದೆ. ಮರದ ಹಿಡಿಗಳಿಗೆ ಅಗಸೆ ಎಣ್ಣೆ ಹಚ್ಚುವವರು ಬಳಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬಾರದು. ಆ ಎಣ್ಣೆ ಗಾಳಿಯೊಡನೆ ಬೆರೆತು ಒಣಗುವಾಗ ಬಿಸಿ ಹುಟ್ಟಿ, ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಬೇಕು. ಕುಂಡದಲ್ಲಿ ಒಳಗೆ ತಂದಿಟ್ಟ ಗಿಡಗಳಿಗೆ ಈಗ ನೀರು ಕಡಿಮೆ ಸಾಕು, ಗೊಬ್ಬರ ಬೇಡ. ಎಲೆಯ ಅಡಿಭಾಗವನ್ನು ವಾರಕ್ಕೊಮ್ಮೆ ನೋಡುತ್ತಿದ್ದರೆ, ಕಾಯಿಸಿದ ಕೋಣೆಯ ಒಣ ಹವೆಯಲ್ಲಿ ಬೇಗ ಹೆಚ್ಚುವ ಕೆಂಪು ನುಸಿಯನ್ನು ಬಲೆ ಕಟ್ಟುವ ಮೊದಲೇ ಹಿಡಿಯಬಹುದು. ತೆಗೆದಿಟ್ಟ ಡೇಲಿಯಾ ಗೆಡ್ಡೆಗಳಲ್ಲಿ ಒಂದು ಕೊಳೆತರೂ ಉಳಿದವಕ್ಕೆ ಹರಡುವುದರಿಂದ ಅವನ್ನೂ ತಿಂಗಳಿಗೊಮ್ಮೆ ಮುಟ್ಟಿ ನೋಡಬೇಕು.

ಕಾಗದದ ಮೇಲಿನ ಕೆಲಸವನ್ನು ನಾನು ನಡುಚಳಿಯ ದೀರ್ಘ ರಾತ್ರಿಗಳಿಗೆ ಇಟ್ಟುಕೊಳ್ಳುತ್ತೇನೆ. ಪಾತಿಗಳ ನಕ್ಷೆ ಬರೆದು, ಕಳೆದ ಮೂರು ವರ್ಷ ಎಲ್ಲಿ ಯಾವ ಕುಟುಂಬದ ಬೆಳೆ ಇತ್ತೆಂದು ಗುರುತು ಹಾಕಿ, ಎಲೆಕೋಸು ಇದ್ದಲ್ಲಿ ಅವರೆ ಬಟಾಣಿಗಳನ್ನು, ಟೊಮೇಟೊ ಇದ್ದಲ್ಲಿ ಈರುಳ್ಳಿಯನ್ನು ಕೂರಿಸುತ್ತಾ ಹೋಗುವುದರಲ್ಲಿ ಸಮಯ ಹೋದದ್ದೇ ತಿಳಿಯುವುದಿಲ್ಲ. ಆಮೇಲೆ ಬಿತ್ತನೆಯ ಕ್ಯಾಲೆಂಡರ್. ಕಡೆಯ ಹಿಮ ಬೀಳುವ ಅಂದಾಜು ದಿನದಿಂದ ಹಿಂದಕ್ಕೆ ಎಣಿಸಿದರೆ, ಈರುಳ್ಳಿ 10ರಿಂದ 12 ವಾರ ಮೊದಲು, ಮೆಣಸಿನಕಾಯಿ 8ರಿಂದ 10 ವಾರ ಮೊದಲು, ಟೊಮೇಟೊ 6ರಿಂದ 8 ವಾರ ಮೊದಲು, ಸೌತೆ ಬರಿಯ ಮೂರು ನಾಲ್ಕು ವಾರ ಮೊದಲು ಒಳಗೆ ಬಿತ್ತಬೇಕು. ಹಗಲು 10 ಗಂಟೆಗಿಂತ ಕಡಿಮೆ ಇರುವಾಗ ಹೆಚ್ಚಿನ ಗಿಡಗಳ ಬೆಳವಣಿಗೆ ನಿಂತಂತೆಯೇ ಇರುತ್ತದೆ. ಆ ದಿನಗಳಲ್ಲಿ ಕಿಟಕಿಯ ಬೆಳಕೊಂದನ್ನೇ ನಂಬಿ ಬಿತ್ತಿದ ಸಸಿ, ಬೆಳಕಿನ ಕಡೆಗೆ ನೂಲಿನಂತೆ ನೀಳವಾಗಿ ಎದ್ದು ಮಲಗಿಬಿಡುತ್ತದೆ. ಎಲ್‌ಇಡಿ ದೀಪವನ್ನು ಸಸಿಯ ನೆತ್ತಿಗೆ ಹತ್ತಿರವಾಗಿ ಕಟ್ಟಿ, ದಿನಕ್ಕೆ 14ರಿಂದ 16 ಗಂಟೆ ಉರಿಸಿ, ಸಸಿ ಬೆಳೆದಂತೆಲ್ಲ ದೀಪವನ್ನು ಮೇಲಕ್ಕೆ ಏರಿಸುತ್ತಾ ಹೋದರೆ ಕಾಂಡ ಗಿಡ್ಡಗೆ ದಪ್ಪಗೆ ಬರುತ್ತದೆ. ಮಣ್ಣಿನ ಮೇಲ್ಮೈ ಸದಾ ಒದ್ದೆಯಾಗಿದ್ದರೆ ಸಸಿ ಕೊಳೆ ರೋಗ ರಾತ್ರೋರಾತ್ರಿ ತಟ್ಟೆಯನ್ನೇ ಬೀಳಿಸುತ್ತದೆ, ಆದ್ದರಿಂದ ನೀರನ್ನು ಅಡಿಯಿಂದ ಹೀರಿಸಿ, ಸಣ್ಣ ಫ್ಯಾನಿನ ಗಾಳಿ ಸೋಕುವಂತೆ ಇಡುವುದು ಕ್ಷೇಮ.

ಎಲ್ಲಕ್ಕಿಂತ ಮೊದಲು ತಟ್ಟೆಗೆ ಹೋಗುವುದು ಈರುಳ್ಳಿ. ಅದರ ಮೊಳಕೆ ನೇರವಾಗಿ ಬಾರದೆ ನಡುವಿನಲ್ಲಿ ಬಾಗಿ, ಕೊಂಡಿಯಂತೆ ಮಣ್ಣನ್ನು ಎತ್ತಿಕೊಂಡು ಬರುತ್ತದೆ. ತುದಿಯಲ್ಲಿ ಕರಿಯ ಸಿಪ್ಪೆ ಇನ್ನೂ ಅಂಟಿರುತ್ತದೆ. ಅದನ್ನು ಕೈಯಿಂದ ಕೀಳಬಾರದು, ಒಳಗೆ ಉಳಿದ ಆಹಾರವನ್ನು ಸಸಿ ಇನ್ನೂ ಹೀರುತ್ತಿರುತ್ತದೆ. ಎಲೆಗಳು ಗೇಣುದ್ದವಾಗಿ ಒಂದರ ಮೇಲೊಂದು ಬಾಗತೊಡಗಿದಾಗ ಕತ್ತರಿಯಿಂದ ಅರ್ಧಕ್ಕೆ ಇಳಿಸಿದರೆ ಸಸಿಗಳು ಸಿಕ್ಕುಬೀಳದೆ ನೆಟ್ಟಗೆ ನಿಲ್ಲುತ್ತವೆ. ಈರುಳ್ಳಿ ಬಿತ್ತಿದ ಎರಡು ವಾರಕ್ಕೆ ಮೆಣಸಿನಕಾಯಿಯ ಸರದಿ. ಟೊಮೇಟೊ ಬೀಜದ ಭರಣಿಯನ್ನು, ಎಷ್ಟೇ ಆಸೆಯಾದರೂ, ಈರುಳ್ಳಿ ಬಿತ್ತಿ ಒಂದು ತಿಂಗಳಾಗುವವರೆಗೆ ಮುಚ್ಚಿಯೇ ಇಡಬೇಕು.